ತರಕಾರಿಗಿಂತ ಮೊದಲು ತೋಟ ನೋಡಿ

ಬೆಂಗಳೂರಿನ ಸುತ್ತಮುತ್ತ ವಿಷ ಹೊಡೆಯದೆ ಬೆಳೆಯುವ ಸಣ್ಣ ರೈತರಿಂದ ನೇರವಾಗಿ ತರಕಾರಿ ಕೊಳ್ಳಬೇಕೆಂದಿದ್ದರೆ ಡಿಸೆಂಬರ್‌ನಲ್ಲಿ ಶುರು ಮಾಡಿ. ಸೊಗಡವರೆ, ನವಿಲುಕೋಸು, ಮೂಲಂಗಿ, ಕ್ಯಾರೆಟ್, ಮೆಂತ್ಯ ಎಲ್ಲವೂ ಒಟ್ಟಿಗೆ ಸಿಗುವ ಕಾಲವದು.

ಹಣ ಕೊಡುವ ಮೊದಲು ಒಮ್ಮೆ ತೋಟಕ್ಕೆ ಹೋಗಿ. ಎಲ್ಲರೂ ಗೊಬ್ಬರದ ಬಗ್ಗೆ ಕೇಳುತ್ತಾರೆ. ನೀವು ಮೊದಲು ನೀರು ಎಲ್ಲಿಯದು ಎಂದು ಕೇಳಿ. ಬೈರಮಂಗಲ ಕೆರೆಗೆ ಹರಿಯುವ ವೃಷಭಾವತಿ ನದಿಯಂತೆ ಊರಿನ ಕೊಳಚೆ, ಕಾರ್ಖಾನೆಯ ತ್ಯಾಜ್ಯ ಎರಡೂ ಸೇರಿದ ನೀರು ಹಾಯಿಸಿದರೆ ಸೀಸ, ಕ್ಯಾಡ್ಮಿಯಂನಂಥ ಲೋಹಗಳು ಬೇರಿನಿಂದ ಸೊಪ್ಪಿಗೆ ಏರುತ್ತವೆ. ಎಷ್ಟು ತೊಳೆದರೂ ಅವು ಹೋಗುವುದಿಲ್ಲ. ಗೊಬ್ಬರ ಎಷ್ಟೇ ಶುದ್ಧವಿದ್ದರೂ ಅಂಥ ತೋಟದ ಸೊಪ್ಪು ಬೇಡ.

ಆಮೇಲೆ ಹುಳದ ಮಾತು. ‘ಔಷಧಿ ಹೊಡೀತೀರಾ?’ ಎಂದರೆ ‘ಇಲ್ಲ’ ಎಂಬ ಉತ್ತರವೇ ಬರುವುದು. ‘ಕೋಸಿಗೆ ಹುಳ ಬಿದ್ದರೆ ಏನು ಮಾಡ್ತೀರಿ?’ ಎಂದು ಕೇಳಿ. ಬೇವಿನ ಕಷಾಯ, ಅಂಟು ಬಲೆ, ಸಾಲಿನ ನಡುವೆ ಸಾಸಿವೆ, ಅಂಚಿಗೆ ಚೆಂಡುಹೂ ಎಂದು ಬಿಡಿಸಿ ಹೇಳುವವರು ನಿಜಕ್ಕೂ ಆ ಕಷ್ಟ ಕಂಡವರು. ಬದುವಿನ ಹುಲ್ಲನ್ನೂ ಗಮನಿಸಿ: ಸುತ್ತೆಲ್ಲ ಹಸಿರಿದ್ದು ಒಂದು ಪಟ್ಟಿ ಮಾತ್ರ ಸುಟ್ಟಂತೆ ಕಂದಾಗಿದ್ದರೆ ಕಳೆನಾಶಕ ಬಿದ್ದಿರುವ ಅನುಮಾನವಿದೆ, ಕೇಳಿಬಿಡಿ. ತೂತುಬಿದ್ದ ಎಲೆ ಮಾತ್ರ ಯಾವ ಸಾಕ್ಷಿಯೂ ಅಲ್ಲ. ಹುಳ ತಿಂದ ಮೇಲೂ ವಿಷ ಹೊಡೆದಿರಬಹುದು.

ಪ್ರಮಾಣಪತ್ರವಿದ್ದರೆ ಓದಿ ನೋಡಿ. ರೈತರ ಗುಂಪುಗಳೇ ಒಬ್ಬರ ತೋಟ ಇನ್ನೊಬ್ಬರು ಪರಿಶೀಲಿಸಿ ಕೊಡುವ ಪ್ರಮಾಣಪತ್ರ ಪಿಜಿಎಸ್. ಅದರಲ್ಲಿ ‘ಪಿಜಿಎಸ್ ಗ್ರೀನ್’ ಎಂದರೆ ಜಮೀನು ಇನ್ನೂ ಸಾವಯವಕ್ಕೆ ಬದಲಾಗುತ್ತಿದೆ ಎಂದರ್ಥ; ಬದಲಾವಣೆ ಮುಗಿದ ಮೇಲಿನದು ‘ಪಿಜಿಎಸ್ ಆರ್ಗ್ಯಾನಿಕ್’. ಪತ್ರವಿಲ್ಲದ ಮಾತ್ರಕ್ಕೆ ರೈತರನ್ನು ಅನುಮಾನಿಸಬೇಡಿ. ಗ್ರಾಹಕರಿಗೆ ನೇರವಾಗಿ ಮಾರುವ ಸಣ್ಣ ಬೆಳೆಗಾರರಿಗೆ 2017ರ ಸಾವಯವ ಆಹಾರ ನಿಯಮಗಳಲ್ಲೇ ವಿನಾಯಿತಿ ಇದೆ.

ನಾಲ್ವರ ಮನೆಗೆ ವಾರಕ್ಕೆ 5 ಕೆ.ಜಿ. ತರಕಾರಿ, 4 ಕಟ್ಟು ಸೊಪ್ಪು ಸಾಕು. ಅವರೆಯ ಲೆಕ್ಕ ಬೇರೆ: 1 ಕೆ.ಜಿ. ಕಾಯಿ ಸುಲಿದರೆ ಅರ್ಧ ಕೆ.ಜಿ. ಕಾಳೂ ಸಿಗದು. ನಿಮ್ಮ ಪಟ್ಟಿ ಕೊಡಬೇಡಿ, ‘ಈ ವಾರ ಏನಿದೆ?’ ಎಂದು ಕೇಳಿ. ತಿಂಗಳ ಹಣ ಮುಂಗಡ ಕೊಟ್ಟರೆ ಎಷ್ಟು ಸಾಲು ಬಿತ್ತಬೇಕೆಂಬುದು ಅವರಿಗೂ ಗೊತ್ತಾಗುತ್ತದೆ. ಜಡಿಮಳೆಗೆ ಸೊಪ್ಪು ಕೊಳೆಯುತ್ತದೆ, ಚೀಲ ಹಗುರಾಗುತ್ತದೆ, ಅದನ್ನು ಒಪ್ಪಿಕೊಳ್ಳಿ. ವರ್ಷವಿಡೀ ಬೀನ್ಸ್, ಹೂಕೋಸು, ಕ್ಯಾರೆಟ್ ತಪ್ಪದೆ ಬರುತ್ತಿದ್ದರೆ ಮಂಡಿಯಿಂದ ತಂದು ತುಂಬಿಸುತ್ತಿರಬಹುದು. ಆಗ ಮತ್ತೊಮ್ಮೆ ತೋಟಕ್ಕೆ ಹೋಗಿ ಬನ್ನಿ.

ಮನೆಗೆ ತಂದೊಡನೆ ಮೂಲಂಗಿ, ಕ್ಯಾರೆಟ್‌ನ ಸೊಪ್ಪು ಕತ್ತರಿಸಿ, ಇಲ್ಲದಿದ್ದರೆ ನೀರನ್ನು ಎಲೆ ಹೀರಿ ಗೆಡ್ಡೆ ಮೆತ್ತಗಾಗುತ್ತದೆ. ಅವರೆಕಾಯಿ ಪ್ಲಾಸ್ಟಿಕ್ ಚೀಲದಲ್ಲಿದ್ದರೆ ಬೆವರಿ ಬೂಸ್ಟು ಹಿಡಿಯುತ್ತದೆ, ನೆಲದ ಮೇಲೆ ಹರಡಿ. ಸೊಪ್ಪನ್ನು ತೊಳೆಯದೆ ಒಣ ಹತ್ತಿಬಟ್ಟೆಯಲ್ಲಿ ಸುತ್ತಿ ಫ್ರಿಜ್‌ನಲ್ಲಿಟ್ಟು, ಮೂರು ದಿನದೊಳಗೆ ಸಾರಿಗೋ ಪಲ್ಯಕ್ಕೋ ಬಳಸಿ.