ಐದೂವರೆ ಬಸ್ಸಿಗೆ ಮುಂಚೆ ಮುಗಿಯೋ ಚಿತ್ರಗಳು

ಗುಳೇದಗುಡ್ಡಕ್ಕೆ ನಾನು ಬಂದದ್ದು ಕನ್ನಡ ಪಾಠ ಮಾಡಲಿಕ್ಕೆ. ಅತಿಥಿ ಉಪನ್ಯಾಸಕಿ. ಮುಂದಿನ ವರ್ಷ ಇದೇ ಊರಲ್ಲಿ ಇರ್ತೀನೋ ಇಲ್ವೋ ಅನ್ನೋದು ಪ್ರತಿ ಬೇಸಿಗೆಯ ಪ್ರಶ್ನೆ. ಚಿತ್ರ ಬಿಡಿಸೋದು ಚಿಕ್ಕಂದಿನ ಚಟ. ಬಾಡಿಗೆ ಕೋಣೆಯಲ್ಲಿ ಒಬ್ಬಳೇ ಕೂತು ಬಿಡಿಸಿ ಬಿಡಿಸಿ ಬೇಸರವಾಯ್ತು. ಊರಲ್ಲಿ ಇನ್ನೂ ಯಾರಾದರೂ ಇರಬೇಕಲ್ವಾ ಅಂತ ಹುಡುಕಲು ಹೊರಟೆ.

ಮೊದಲ ಸಲ ಮಾಡಿದ್ದು ಅಪ್ಪಟ ಮೇಷ್ಟ್ರ ಬುದ್ಧಿ. ಸಂಘ ಕಟ್ಟಿದೆವು. ಅಧ್ಯಕ್ಷರು, ಕಾರ್ಯದರ್ಶಿ, ಖಜಾಂಚಿ, ಒಂದು ರಬ್ಬರ್ ಸ್ಟಾಂಪು. ಉದ್ಘಾಟನೆಗೆ ಶಾಲು, ಹಾರ, ಎರಡೂವರೆ ಗಂಟೆ ಭಾಷಣ. ಪೆನ್ಸಿಲ್ ಮಾತ್ರ ಯಾರೂ ಹಿಡಿಯಲಿಲ್ಲ. ಪ್ರತಿ ಶನಿವಾರ ಸಂಜೆ ಆರಕ್ಕೆ ಸೇರೋದು ಅಂತ ಗೊತ್ತು ಮಾಡಿದ್ದೇ ದೊಡ್ಡ ತಪ್ಪು. ನಮ್ಮ ಹುಡುಗರಲ್ಲಿ ಜಾಸ್ತಿ ಜನ ಸುತ್ತಲ ಹಳ್ಳಿಯವರು. ಐದೂವರೆ ಬಸ್ಸು ತಪ್ಪಿದರೆ ಮನೆ ಸೇರೋದು ರಾತ್ರಿಯೇ. ಹಾಗಾಗಿ ಆರಕ್ಕೆ ಬರ್ತಿದ್ದವರು ನಾನು ಮತ್ತು ಕಾರ್ಯದರ್ಶಿ. ನಾಲ್ಕನೇ ವಾರ ಕಾರ್ಯದರ್ಶಿಯೂ ಬರಲಿಲ್ಲ. ಸ್ಟಾಂಪು ಈಗಲೂ ನನ್ನ ಹತ್ತಿರವೇ ಇದೆ.

ಒಂದು ವರ್ಷ ಸುಮ್ನೆ ಇದ್ದೆ. ಆಮೇಲೆ ದಾರಿ ತೋರಿಸಿದ್ದು ನಾನು ದಿನಾ ಊಟ ಮಾಡೋ ಖಾನಾವಳಿಯ ಅವ್ವ. ಒಂದಿನ ಊಟ ಮುಗಿಸಿ ಅಲ್ಲೇ ಕೂತು ಒಲೆ ಮುಂದಿನ ರೊಟ್ಟಿ ಬುಟ್ಟಿ ಬಿಡಿಸ್ತಿದ್ದೆ. ಅವ್ವ ಹೇಳಿದಳು: "ಮೂರರಿಂದ ಐದರ ತನಕ ಇಲ್ಲಿ ನೊಣ ಬಿಟ್ರ ಯಾರೂ ಇರೂದಿಲ್ರಿ ಮೇಡಂ. ನಿಮ್ಮ ಹುಡುಗರನ್ನ ಇಲ್ಲೇ ಕರ್ಕೊಂಡು ಬರ್ರಿ. ಖರೆ, ಗೋಡಿಗೆ ಮಸಿ ಹತ್ತಬಾರದು ನೋಡ್ರಿ."

ಅಷ್ಟೇ. ಶನಿವಾರ ಮಧ್ಯಾಹ್ನ ಮೂರಕ್ಕೆ ಶುರು, ಐದಕ್ಕೆ ಬಂದ್. ಈ ಸಲ ಹೆಸರು ಇಡಲಿಲ್ಲ, ವಂತಿಗೆ ಕೇಳಲಿಲ್ಲ. ಮೊದಲ ದಿನ ಐದು ಜನ ಬಂದರು. ಇಬ್ಬರು ಚಹಾ ಸಿಗುತ್ತೆ ಅಂತ ಬಂದವರು, ಅದೂ ಒಳ್ಳೇದೇ ಆಯ್ತು.

ಕಾಗದದ ಖರ್ಚು ಉಳಿದದ್ದು ಹಳೇ ಕ್ಯಾಲೆಂಡರಿನಿಂದ. ಬಟ್ಟೆ ಅಂಗಡಿಯವರು ಹಂಚೋ ದೊಡ್ಡ ಕ್ಯಾಲೆಂಡರಿನ ಹಿಂಬದಿ ಬೆಳ್ಳಗಿರುತ್ತೆ, ಪೆನ್ಸಿಲು ಚೆನ್ನಾಗಿ ಹಿಡಿಯುತ್ತೆ. ಅವ್ವನ ಒಲೆಯ ಇದ್ದಿಲು ಇತ್ತು. ಬಣ್ಣ ಬೇಕಾದಾಗ ಗೋಡೆಗೆ ಹೊಡೆಯೋ ಬಿಳಿ ಬಣ್ಣಕ್ಕೆ ಹಾರ್ಡ್‌ವೇರ್ ಅಂಗಡಿಯ ಸ್ಟೇನರ್ ಬೆರೆಸಿಕೊಂಡೆವು. ಪೇಟೆಯಿಂದ ತರೋ ಟ್ಯೂಬುಗಳ ಬೆಲೆಗೆ ಹೋಲಿಸಿದರೆ ಪುಕ್ಕಟೆ.

ಈ ಸ್ಟೇನರ್ ಉಪಾಯ ಹೇಳಿಕೊಟ್ಟವರು ಪೇಂಟರ್ ಕಾಕಾ. ಅಂಗಡಿ ಬೋರ್ಡು ಬರೆದು ಬದುಕಿದವರು. ಫ್ಲೆಕ್ಸ್ ಬಂದ ಮೇಲೆ ಆ ಕೆಲಸ ಹೋಯ್ತು. ಬಾದಾಮಿ ಪಕ್ಕದ ಬನಶಂಕರಿ ಜಾತ್ರೆ ಗೊತ್ತಲ್ಲ, ಬನದ ಹುಣ್ಣಿಮೆಗೆ ತೇರು ಎಳೆದ ಮೇಲೂ ವಾರಗಟ್ಟಲೆ ನಾಟಕ ಕಂಪನಿಗಳು ಟೆಂಟು ಹಾಕಿಕೊಂಡು ಇರ್ತವೆ. ಕಾಕಾ ಹರೇದಲ್ಲಿ ಆ ಕಂಪನಿಗಳಿಗೆ ಪರದೆ ಬರೀತಿದ್ದರು. ಅರಮನೆ, ಕಾಡು, ರಸ್ತೆ. ನಮ್ಮ ಹುಡುಗರಿಗೆ ಅವರು ಕಲಿಸಿದ ಮೊದಲ ವಿದ್ಯೆ ದಾರ ಹೊಡೆಯೋದು. ಬಣ್ಣದ ಪುಡಿ ಹಚ್ಚಿದ ದಾರವನ್ನು ಇಬ್ಬರು ಎರಡು ತುದಿ ಹಿಡಿದು ಬಿಗಿಯಾಗಿ ಎಳೆಯಬೇಕು, ನಡುವೆ ಎತ್ತಿ ಬಿಡಬೇಕು. ಫಟ್! ಒಂದು ಗೆರೆ, ಸ್ಕೇಲಿಗಿಂತ ನೇರ. ಆಮೇಲೆ ಚೌಕ ಹಾಕಿ ಅಂಗೈಯಷ್ಟು ಚಿತ್ರವನ್ನು ಗೋಡೆಯಷ್ಟು ಮಾಡೋದು. ಯಾರಾದರೂ ಸಣ್ಣ ಸಣ್ಣ ಎಲೆ ತಿದ್ದುತ್ತ ಕೂತರೆ ಕಾಕಾಗೆ ಸಿಟ್ಟು. "ಹಿಂದಿನ ಸಾಲಿನಾಗ ಬೀಡಿ ಸೇದ್ಕೋತ ಕುಂತಾವಗ ಕಾಣಬೇಕಲೇ ತಮ್ಮಾ, ನಿನಗಲ್ಲ!"

ಗುಂಪಿನಲ್ಲಿ ಬಿ.ಎ. ಎರಡನೇ ವರ್ಷದ ಒಬ್ಬ ಹುಡುಗಿ ಇದ್ದಳು. ಅವಳ ಮನೆಯಲ್ಲಿ ಖಣದ, ಅಂದರೆ ರವಿಕೆ ಬಟ್ಟೆಯ, ಮಗ್ಗ. ಅಪ್ಪ ನೇಯ್ತಾರೆ, ತಾಯಿ ಕಂಡಿಕೆಗೆ ನೂಲು ಸುತ್ತುತ್ತಾಳೆ. ಇವಳು ಬಿಡಿಸೋದು ಮಾತ್ರ ತೆಂಗಿನ ಮರ, ದೋಣಿ, ಎರಡು ಗುಡ್ಡದ ನಡುವೆ ಸೂರ್ಯ. ಗುಳೇದಗುಡ್ಡದಲ್ಲಿ ದೋಣಿ ಎಲ್ಲಿಂದ ಬಂತು? ನಿಮ್ಮ ಮನೆ ಮಗ್ಗ ಬಿಡಿಸು ಅಂದೆ. "ಅದನ್ನೇನ್ ಬಿಡಿಸೂದ್ರಿ ಮೇಡಂ, ದಿನಾ ನೋಡೂದ" ಅಂದಳು.

ಮೂರು ವಾರ ಕಾಡಿದ ಮೇಲೆ ಬಿಡಿಸಿದಳು. ಚಿತ್ರ ಚೆನ್ನಾಗಿಯೇ ಇತ್ತು, ನಾನು ಹೊಗಳಿದೆ. ಅದನ್ನು ತಗೊಂಡು ಅವರ ಮನೆಗೆ ಹೋದೆವು. ಅವಳಪ್ಪ ಮಗ್ಗದಿಂದ ಏಳದೆ, ಲಾಳಿ ನಿಲ್ಲಿಸಿ, ಕಾಗದವನ್ನು ಬೆಳಕಿಗೆ ಹಿಡಿದು ನೋಡಿದರು. "ಹಗ್ಗ ಸಡ್ಲ ಆಗೇತಿ. ಇಷ್ಟ ಸಡ್ಲ ಇದ್ರ ಲಾಳಿ ನಡುವ ನಿಂದರ್ತೈತಿ." ಸ್ವಲ್ಪ ಹೊತ್ತು ಬಿಟ್ಟು, "ನನ್ನ ಕಾಲೆಲ್ಲಿ? ಕಾಲಿಲ್ದ ಹೆಂಗ ನೇಯ್ಲಿ?"

ಕಾಲು ಕುಣಿಯೊಳಗೆ ಇದ್ದವು. ನೆಲದಲ್ಲಿ ತೋಡಿದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತು ನೇಯೋ ಮಗ್ಗ ಅದು. ನಿಂತು ನೋಡೋವರಿಗೆ ಸೊಂಟದ ಮೇಲಷ್ಟೇ ಕಾಣುತ್ತೆ. ಹುಡುಗಿ ಅಲ್ಲೇ ನೆಲದ ಮೇಲೆ ಬೋರಲು ಮಲಗಿ, ಮೊಬೈಲ್ ಟಾರ್ಚು ಹಾಕಿ, ಕುಣಿಯೊಳಗೆ ಇಣುಕಿದಳು. ತುಳಿಯೋ ಹಲಗೆ, ಅದರ ಮೇಲೆ ಬಿರಿದ ಹಿಮ್ಮಡಿ, ಮೂಲೆಯಲ್ಲಿ ಬಿದ್ದ ಒಂದು ಖಾಲಿ ಕಂಡಿಕೆ. ಅವತ್ತು ಬಿಡಿಸಿದ್ದೇ ಚಿತ್ರ. ನಾನು ಮೊದಲು ಹೊಗಳಿದ್ದಕ್ಕೆ ಈಗಲೂ ನಾಚಿಕೆಯಾಗುತ್ತೆ.

ಅಂದಿನಿಂದ ಒಂದು ಪದ್ಧತಿ ಬಂತು. ಯಾರ ಕೆಲಸದ ಚಿತ್ರವೋ ಅವರಿಗೇ ಮೊದಲು ತೋರಿಸೋದು. ಕಂಡಕ್ಟರು, ಕುಂಬಾರ, ಎಮ್ಮೆ ಕಾಯೋ ಅಜ್ಜ. ಎಮ್ಮೆ ಅಜ್ಜ ಕೋಡು ನೋಡಿ ಹತ್ತು ನಿಮಿಷ ನಕ್ಕರು.

2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ನಮ್ಮ ಗುಂಪಿನ ಸ್ವರೂಪವೇ ಬದಲಾಯ್ತು. ಸರ್ಕಾರಿ ಬಸ್ಸಲ್ಲಿ ಹುಡುಗಿಯರಿಗೆ ಟಿಕೆಟ್ ದುಡ್ಡಿಲ್ಲ. "ಬಾದಾಮಿಗೆ ಹೋಗಲಿಕ್ಕೆ ದುಡ್ಡು ಕೊಡು" ಅಂತ ಮನೆಯಲ್ಲಿ ಕೇಳೋದೇ ತಪ್ಪಿತಲ್ಲ, ಭಾನುವಾರ ಚಿತ್ರ ಬಿಡಿಸಲಿಕ್ಕೆ ಬಾದಾಮಿಗೆ ಒಂಬತ್ತು ಹುಡುಗಿಯರು ಬರತೊಡಗಿದರು. ಹುಡುಗರು ಟಿಕೆಟ್ ತಗೊಂಡು ಗೊಣಗುತ್ತ ಹಿಂದೆ ಕೂತರು. ಬಾದಾಮಿಯಲ್ಲಿ ಮೂರನೇ ಗುಹೆಯನ್ನೇ ಎಲ್ಲರೂ ಹೊಗಳ್ತಾರೆ. 578ರ ಶಾಸನ ಅಲ್ಲಿದೆ, ನಿಜ. ಚಿತ್ರ ಬಿಡಿಸಲಿಕ್ಕೆ ನನಗಿಷ್ಟ ಅಗಸ್ತ್ಯ ಕೆರೆಯ ಆಚೆಯ ಭೂತನಾಥ ಗುಡಿ. ಅದರ ಮುಖ ಪಡುವಣಕ್ಕೆ. ಸಂಜೆ ಬಿಸಿಲು ಬಿದ್ದಾಗ ಮರಳುಗಲ್ಲು ಕೆಂಪಗೆ ಕಾಯುತ್ತೆ. ಆದರೆ ಬಣ್ಣ ಏರೋ ಹೊತ್ತಿಗೆ ಬಸ್ಸಿನ ಹೊತ್ತು. ನಮ್ಮ ಭೂತನಾಥ ಚಿತ್ರಗಳೆಲ್ಲ ಅರ್ಧ. ಮಂಗಗಳದ್ದು ಬೇರೆ ಕಾಟ. ರಬ್ಬರನ್ನು ತಿಂಡಿ ಅಂದುಕೊಂಡು ಒಯ್ದು, ಕಚ್ಚಿ, ಕೆರೆಗೆ ಉಗುಳಿದ್ದನ್ನು ನೋಡಿದ್ದೇನೆ.

ಪಟ್ಟದಕಲ್ಲಿಗೆ ಹೋದದ್ದು ಒಂದೇ ಸಲ. ಮಗ್ಗದ ಹುಡುಗಿ ಚಿತ್ರದ ಕೆಳಗೆ ಹೆಸರು ಹಾಕ್ತಿರಲಿಲ್ಲ. "ಮಂದಿ ನಗತಾರ್ರಿ." ಅದಕ್ಕೇ ವಿರೂಪಾಕ್ಷ ಗುಡಿಯ ಶಾಸನದ ಹತ್ತಿರ ಕರ್ಕೊಂಡು ಹೋದೆ. ಚಾಲುಕ್ಯರ ಎರಡನೇ ವಿಕ್ರಮಾದಿತ್ಯ ಕಂಚಿ ಗೆದ್ದ ನೆನಪಿಗೆ ರಾಣಿ ಲೋಕಮಹಾದೇವಿ ಕಟ್ಟಿಸಿದ ಗುಡಿ. ಕಟ್ಟಿದ ಗುಂಡ ಅನಿವಾರಿತಾಚಾರಿಯ ಹೆಸರೂ, ಅವನಿಗೆ ಸಿಕ್ಕ ತ್ರಿಭುವನಾಚಾರಿ ಅನ್ನೋ ಬಿರುದೂ ಕಲ್ಲಲ್ಲೇ ಇವೆ. ಅವಳು ಕೇಳಿದ್ದು ಬೇರೆಯೇ: "ಹೆಸ್ರು ತಾನಽ ಹಾಕ್ಕೊಂಡ್ನೋ, ರಾಣಿ ಹಾಕಿಸಿದ್ಳೋ?" ನಾನು ಮೇಷ್ಟ್ರ ಥರ ಏನೋ ಹೇಳಿದೆ. ಅವಳಿಗೆ ಸಮಾಧಾನ ಆದಂತೆ ಕಾಣಲಿಲ್ಲ.

ಹೋದ ದೀಪಾವಳಿ ಮುಂದೆ ಖಾನಾವಳಿಯಲ್ಲೇ ಚಿತ್ರ ತೂಗುಹಾಕಿದೆವು. ಅರಿವೆ ಒಣಗಿಸೋ ಹಗ್ಗ, ಕ್ಲಿಪ್ಪು. ಉದ್ಘಾಟನೆ ಇಲ್ಲ. ಜನ ಒಂದು ಕೈಯಲ್ಲಿ ರೊಟ್ಟಿ ಮುರೀತಾ ತಲೆ ಎತ್ತಿ ನೋಡಿದರು. ಲಾರಿ ಡ್ರೈವರೊಬ್ಬರು ಎಮ್ಮೆ ಚಿತ್ರ ಕೊಳ್ತೀನಿ ಅಂದರು. ಸುತ್ತಿ ಕೊಡುವಾಗ ಕ್ಯಾಲೆಂಡರಿನ ಬದಿ ಕಂಡು, "ಅರೆ, ಇತ್ತ ಕಡೆ ಲಕ್ಷ್ಮಿ ಫೋಟೋ ಐತಲ್ರಿ" ಅಂತ ಇನ್ನೂ ಖುಷಿಯಾದರು. ಯಾವ ಬದಿ ಹೊರಗೆ ಮಾಡಿ ಹಾಕಿದಾರೋ ಏನೋ.

ಹುಡುಗಿಯ ಅಪ್ಪ ಕತ್ತಲಾದ ಮೇಲೆ ಬಂದರು. ಮಗ್ಗದ ಚಿತ್ರದ ಮುಂದೆ ನಿಂತು, ಹಗ್ಗದ ಗೆರೆ ಮೇಲೆ ಬೆರಳು ತಾಗಿಸದೆ ಆಡಿಸಿದರು. ಅಳಿಸಿದ ಹಳೇ ಸಡಿಲ ಗೆರೆ ಕೆಳಗೆ ಇನ್ನೂ ಮಸುಕಾಗಿ ಕಾಣ್ತಿತ್ತು. "ಈಗ ಓಡ್ತೈತಿ" ಅಂದರು. ಆಮೇಲೆ ಮೂಲೆಯಲ್ಲಿ ಇರುವೆಯಷ್ಟು ಸಣ್ಣಗೆ ಬರೆದಿದ್ದ ಹೆಸರಿನ ಹತ್ತಿರ ಬಗ್ಗಿ, ಕನ್ನಡಕ ಮರೆತು ಬಂದಿದ್ದೆ ಅಂತ ನನ್ನ ಕಡೆ ತಿರುಗಿದರು. ನಾನು ಓದಿ ಹೇಳಿದೆ.