ರಂಜಕ, ಟಬಾಸ್ಕೊ, ಹರಿಸ್ಸಾ: ಯಾವ ಖಾರಕ್ಕೆ ಯಾವ ಊಟ

ಹಾಟ್ ಸಾಸ್ ಅಂದ ಕೂಡಲೇ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ: ಎಷ್ಟು ಖಾರ? ನಾನು ಮೊದಲು ನೋಡುವುದು ಖಾರದ ಜೊತೆ ಇನ್ನೇನಿದೆ ಅಂತ. ಹುಳಿ ಇದೆಯಾ, ಸಿಹಿ ಇದೆಯಾ, ಎಣ್ಣೆ ಇದೆಯಾ, ಬೆಳ್ಳುಳ್ಳಿ ಹಸಿಯದ್ದಾ ಬೆಂದದ್ದಾ. ಇಷ್ಟು ತಿಳಿದರೆ ಅದು ಯಾವ ತಟ್ಟೆಗೆ ಹೊಂದುತ್ತದೆ ಅನ್ನುವುದು ಮುಕ್ಕಾಲು ಪಾಲು ತಿಳಿದಂತೆ. ಖಾರ ಜಾಸ್ತಿ ಆದರೆ ಕಮ್ಮಿ ಹಾಕಿಕೊಳ್ಳಬಹುದು. ಹುಳಿ ಮೇಲೆ ಹುಳಿ, ಸಿಹಿ ಮೇಲೆ ಸಿಹಿ ಬಿದ್ದರೆ ಊಟದ ರುಚಿಯೇ ಹೋಗುತ್ತದೆ.

ನಾನು ಬೆಳೆದದ್ದು ಧಾರವಾಡದ ಕಡೆ. ನಮ್ಮ ಮನೆಯ ಹಾಟ್ ಸಾಸ್ ಅಂದರೆ ರಂಜಕ. ಈಗ ಬೆಂಗಳೂರಿನ ಮನೆಯ ಫ್ರಿಜ್‌ನಲ್ಲಿ ಬೇರೆ ಬೇರೆ ದೇಶದ ಬಾಟಲಿಗಳಿವೆ. ಅವುಗಳ ರುಚಿಯನ್ನು ನಾನು ಅರ್ಥ ಮಾಡಿಕೊಂಡದ್ದು ಮಾತ್ರ ರಂಜಕದ ಮೂಲಕ. ಹಾಗಾಗಿ ಅದರಿಂದಲೇ ಶುರು ಮಾಡುತ್ತೇನೆ.

ರಂಜಕಕ್ಕೆ ಒಣ ಮೆಣಸಿನಕಾಯಿ ನಡೆಯುವುದಿಲ್ಲ. ಗಿಡದಲ್ಲೇ ಕೆಂಪಾದ, ಇನ್ನೂ ಹಸಿಯಾಗಿರುವ ಕಾಯಿ ಬೇಕು. ಹಣ್ಣು ಮೆಣಸಿನಕಾಯಿ ಅನ್ನುತ್ತೇವಲ್ಲ, ಅದು. ಚಳಿಗಾಲದಲ್ಲಿ ಹುಬ್ಬಳ್ಳಿ, ಗದಗ, ಹಾವೇರಿ ಕಡೆಯ ಸಂತೆಗೆ ಬರುತ್ತದೆ. ಬ್ಯಾಡಗಿ ಜಾತಿ ಸಿಕ್ಕರೆ ಒಳ್ಳೆಯದು. 2011ರಲ್ಲಿ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಪಡೆದ ಈ ಮೆಣಸಿನಕಾಯಿಯಲ್ಲಿ ಬಣ್ಣ ಜಾಸ್ತಿ, ಖಾರ ಕಮ್ಮಿ. ಅದರಲ್ಲೂ ಎರಡು ಬಗೆ. ಕಡ್ಡಿ ಉದ್ದಕ್ಕೆ ತೆಳ್ಳಗಿರುತ್ತದೆ, ಡಬ್ಬಿ ಗಿಡ್ಡಕ್ಕೆ ದಪ್ಪಗಿರುತ್ತದೆ. ನನ್ನ ಆಯ್ಕೆ ಡಬ್ಬಿ. ಖಾರ ಸ್ವಲ್ಪ ಏರಲಿ ಅನಿಸಿದರೆ ಕಾಲು ಪಾಲು ಗುಂಟೂರು ಕಾಯಿ ಸೇರಿಸುತ್ತೇನೆ.

ತೊಟ್ಟು ಇದ್ದ ಹಾಗೆಯೇ ತೊಳೆಯಬೇಕು. ತೊಟ್ಟು ಕಿತ್ತು ತೊಳೆದರೆ ನೀರು ಒಳಗೆ ಹೋಗಿ ಕೂರುತ್ತದೆ, ಆಮೇಲೆ ರಂಜಕ ಬೇಗ ಕೆಡುತ್ತದೆ. ತೊಳೆದ ಕಾಯಿಯನ್ನು ಹತ್ತಿ ಬಟ್ಟೆ ಮೇಲೆ ಹರಡಿ, ರಾತ್ರಿಯೆಲ್ಲ ಫ್ಯಾನ್ ಕೆಳಗೆ ಬಿಡುತ್ತೇನೆ. ಬೆಳಿಗ್ಗೆ ಒಂದೊಂದನ್ನೇ ಒರೆಸಿ ತೊಟ್ಟು ತೆಗೆಯುತ್ತೇನೆ. ಕೈಗೆ ಮೊದಲೇ ಎಣ್ಣೆ ಸವರಿಕೊಂಡರೆ ಉರಿ ಕಡಿಮೆ. ಗ್ಲೌಸ್ ಇದ್ದರೆ ಇನ್ನೂ ಒಳ್ಳೆಯದು.

ಅಳತೆ ಹೀಗೆ: ಒಂದು ಕೆಜಿ ಹಣ್ಣು ಮೆಣಸಿನಕಾಯಿಗೆ 100 ಗ್ರಾಂ ಹರಳುಪ್ಪು, 200 ಗ್ರಾಂ ಸುಲಿದ ಬೆಳ್ಳುಳ್ಳಿ, ಎರಡು ಚಮಚ ಮೆಂತ್ಯ, ಅರ್ಧ ಚಮಚ ಇಂಗು, ಹತ್ತು ರಸಭರಿತ ನಿಂಬೆಹಣ್ಣು. ಮೆಂತ್ಯವನ್ನು ಚಮಚ ಎಣ್ಣೆಯಲ್ಲಿ ಕೆಂಪಗೆ ಹುರಿದು ಪುಡಿ ಮಾಡಿಟ್ಟುಕೊಳ್ಳುತ್ತೇನೆ. ಕಪ್ಪಗಾದರೆ ಕಹಿ ಹತ್ತುತ್ತದೆ, ಅದಕ್ಕೇ ಸಣ್ಣ ಉರಿ. ಮೆಣಸಿನಕಾಯಿ, ಉಪ್ಪು, ಬೆಳ್ಳುಳ್ಳಿ ಮೂರನ್ನೂ ನೀರು ಸೋಕಿಸದೆ ತರಿತರಿಯಾಗಿ ರುಬ್ಬುತ್ತೇನೆ. ಮಿಕ್ಸಿಯನ್ನು ಬಿಟ್ಟು ಬಿಟ್ಟು ತಿರುಗಿಸಬೇಕು. ಬೀಜ ಅರ್ಧಂಬರ್ಧ ಉಳಿದಿರಬೇಕು, ಬಾಯಿಗೆ ಸಿಗಬೇಕು.

ನಿಂಬೆಹಣ್ಣು ಈಗಲೇ ಹಿಂಡುವುದಿಲ್ಲ. ಇದು ಅವ್ವನ ಕಟ್ಟುನಿಟ್ಟು. "ಮೊದಲ ಉಪ್ಪಿನಾಗ ಎರಡು ದಿನ ಕೂಡಲಿ. ನಿಂಬಿಹಣ್ಣಿಂದು ಆಮ್ಯಾಲ" ಅನ್ನುತ್ತಾಳೆ. ಅದರ ಹಿಂದೆ ಸರಿಯಾದ ಕಾರಣವಿದೆ. ಉಪ್ಪು ಬೆರೆತ ಮೆಣಸಿನಕಾಯಿಯಲ್ಲಿ ಹುದುಗಿಸಿ ಹುಳಿ ಬರಿಸುವ ಲ್ಯಾಕ್ಟಿಕ್ ಬ್ಯಾಕ್ಟೀರಿಯಾ ನಿಧಾನಕ್ಕೆ ಕೆಲಸ ಶುರು ಮಾಡುತ್ತವೆ. ಮೊದಲೇ ಹುಳಿ ಬಿದ್ದರೆ ಆ ಕೆಲಸ ಹಿಂದೆ ಬೀಳುತ್ತದೆ. ಎರಡು ಮೂರು ದಿನದಲ್ಲಿ ಜಾಡಿಯ ಅಂಚಿನಲ್ಲಿ ಸಣ್ಣ ಸಣ್ಣ ಗುಳ್ಳೆ ಕಾಣುತ್ತವೆ. ಹಸಿ ಮೆಣಸಿನಕಾಯಿಯ ಹುಲ್ಲಿನಂಥ ವಾಸನೆ ಹೋಗಿ, ಹಣ್ಣಿನ ಥರದ ಹುಳಿ ಘಮ ಬರುತ್ತದೆ. ಮುಚ್ಚಳ ಬಿಗಿ ಮಾಡಬಾರದು, ದಿನಕ್ಕೊಂದು ಸಲ ಒಣ ಸೌಟಿನಿಂದ ಕೆದಕಬೇಕು. ಆಮೇಲೆ ನಿಂಬೆರಸ, ಮೆಂತ್ಯ, ಇಂಗು ಸೇರಿಸಿ ಫ್ರಿಜ್‌ಗೆ. ಎಣ್ಣೆ ಒಗ್ಗರಣೆಯನ್ನು ಜಾಡಿಗೆ ಸುರಿದಿಡುವುದಿಲ್ಲ, ತಿನ್ನುವಾಗ ಬೇಕಾದಷ್ಟಕ್ಕೆ ಮಾತ್ರ. ಹಸಿರು ಅಥವಾ ಕಪ್ಪು ಬೂಸ್ಟು ಕಂಡರೆ ಮೇಲಿನದ್ದು ತೆಗೆದು ಉಳಿದದ್ದನ್ನು ಉಳಿಸಿಕೊಳ್ಳಲು ಹೋಗಬೇಡಿ. ಪೂರ್ತಿ ಚೆಲ್ಲಿ.

ಈಗ ಊಟ. ಜೋಳದ ರೊಟ್ಟಿಗೆ ರಂಜಕ ಯಾಕೆ ಅಷ್ಟು ಚೆನ್ನಾಗಿ ಹೊಂದುತ್ತದೆ? ಖಾರ ಕೊಡುವ ಕ್ಯಾಪ್ಸೈಸಿನ್ ನೀರಿನಲ್ಲಿ ಕರಗುವುದಿಲ್ಲ, ಕೊಬ್ಬಿನಲ್ಲಿ ಕರಗುತ್ತದೆ. ಬಿಸಿ ರೊಟ್ಟಿ ಮೇಲೆ ಬೆಣ್ಣೆಯನ್ನೋ ಹಸಿ ಶೇಂಗಾ ಎಣ್ಣೆಯನ್ನೋ ಹಾಕಿ ರಂಜಕ ಕಲಸಿದರೆ ಖಾರ ಆ ಎಣ್ಣೆಯೊಳಗೆ ಹರಡಿಕೊಳ್ಳುತ್ತದೆ. ನಾಲಿಗೆಗೆ ಒಂದೇ ಕಡೆ ಚುಚ್ಚುವುದಿಲ್ಲ. ಪಕ್ಕದಲ್ಲಿ ಗಟ್ಟಿ ಮೊಸರಿದ್ದರೆ ಅದರಲ್ಲಿರುವ ಕೇಸಿನ್ ಅನ್ನುವ ಪ್ರೋಟೀನ್ ಉಳಿದ ಉರಿಯನ್ನು ತಣಿಸುತ್ತದೆ. ಜೋಳಕ್ಕೆ ತನ್ನದೇ ಜೋರು ರುಚಿ ಇಲ್ಲ, ಹುಳಿ ಇಲ್ಲ. ಹಾಗಾಗಿ ರಂಜಕದ ಹುಳಿಗೆ, ಮೆಂತ್ಯದ ಸಣ್ಣ ಕಹಿಗೆ ಜಾಗ ಸಿಗುತ್ತದೆ. ಕಡಲೆಹಿಟ್ಟಿನ ಜುಣಕದ ಜೊತೆ, ಥಾಲಿಪಟ್ಟಿನ ಜೊತೆ, ಹೆಸರುಕಾಳು ಪಲ್ಯದ ಜೊತೆಯೂ ಇದೇ ಲೆಕ್ಕ.

ದೋಸೆ ಹೆಂಚಿನ ಮೇಲಿರುವಾಗಲೇ ತುಪ್ಪದ ಜೊತೆ ಸವರಿದರೂ ಚೆನ್ನ, ಬೆಳ್ಳುಳ್ಳಿಯ ಹಸಿ ವಾಸನೆ ಅಲ್ಲೇ ಹೋಗುತ್ತದೆ. ಇಡ್ಲಿಗೆ ಮಾತ್ರ ಬೇಡ. ಇಡ್ಲಿ ತುಂಬ ಮೆತ್ತಗಿನ ರುಚಿಯದ್ದು. ಹಸಿ ಬೆಳ್ಳುಳ್ಳಿ ಅದನ್ನು ಪೂರ್ತಿ ಮುಚ್ಚಿಬಿಡುತ್ತದೆ.

ಟಬಾಸ್ಕೊ ಇದಕ್ಕೆ ಪೂರ್ತಿ ಬೇರೆ. 1868ರಲ್ಲಿ ಅಮೆರಿಕದ ಲೂಸಿಯಾನಾದ ಏವರಿ ಐಲ್ಯಾಂಡ್‌ನಲ್ಲಿ ಎಡ್ಮಂಡ್ ಮ್ಯಾಕ್‌ಇಲ್‌ಹೆನಿ ಶುರು ಮಾಡಿದ್ದು. ಒಳಗಿರುವುದು ಕೆಂಪು ಮೆಣಸಿನಕಾಯಿ, ಉಪ್ಪು, ವಿನೆಗರ್ ಇಷ್ಟೇ. ಉಪ್ಪು ಹಾಕಿ ಅರೆದ ಮೆಣಸಿನಕಾಯಿಯನ್ನು ಓಕ್ ಪೀಪಾಯಿಯಲ್ಲಿ ಮೂರು ವರ್ಷದವರೆಗೂ ಇಡುತ್ತಾರೆ, ವಿನೆಗರ್ ಸೇರುವುದು ಆಮೇಲೆ. ಮೊದಲು ಉಪ್ಪು, ಕೊನೆಗೆ ಹುಳಿ. ಅವ್ವನ ಕ್ರಮವೇ ಅಲ್ವಾ? ಇದನ್ನು ತಿಳಿದ ದಿನ ನನಗೆ ತುಂಬ ಖುಷಿಯಾಯಿತು.

ಖಾರ ಅಳೆಯಲು 1912ರಲ್ಲಿ ವಿಲ್ಬರ್ ಸ್ಕೋವಿಲ್ ಮಾಡಿದ ಲೆಕ್ಕದಲ್ಲಿ ಕೆಂಪು ಟಬಾಸ್ಕೊ 2,500ರಿಂದ 5,000 ಯುನಿಟ್ ಅಷ್ಟೇ. ಆದರೂ ತೀಕ್ಷ್ಣ ಅನಿಸುತ್ತದೆ, ಯಾಕೆಂದರೆ ವಿನೆಗರ್ ತೆಳ್ಳಗೆ, ಬೇಗ ಮೂಗಿಗೇರುತ್ತದೆ. ಅದಕ್ಕೇ ಇದನ್ನು ಜಿಡ್ಡಿರುವ, ಹುಳಿ ಇಲ್ಲದ ತಿಂಡಿಗೆ ಹಾಕಬೇಕು. ಬ್ರೆಡ್ ಆಮ್ಲೆಟ್, ಮೊಟ್ಟೆ ಬೋಂಡಾ, ಆಲೂಗಡ್ಡೆ ಬಜ್ಜಿ, ಬೆಣ್ಣೆ ಹಾಕಿದ ಮುಸುಕಿನ ಜೋಳ. ಮೂರು ನಾಲ್ಕು ಹನಿ ಸಾಕು, ಎಣ್ಣೆಯ ಭಾರ ಕಡಿಮೆಯಾಗುತ್ತದೆ. ಹುಣಸೆ ಬಿದ್ದ ಸಾರು, ಹುಳಿ, ಗೊಜ್ಜಿಗೆ ಬೇಡವೇ ಬೇಡ. ಮೊಸರನ್ನಕ್ಕೂ ಬೇಡ. ಎರಡು ಹುಳಿ ಒಂದರ ಜೊತೆ ಒಂದು ಜಗಳಕ್ಕೆ ನಿಲ್ಲುತ್ತವೆ.

ಸಿರಾಚಾದ ಹೆಸರು ಥಾಯ್ಲೆಂಡಿನ ಕರಾವಳಿ ಊರಿನದು. ಹಸಿರು ಮುಚ್ಚಳದ, ಹುಂಜದ ಚಿತ್ರವಿರುವ ಬಾಟಲಿಯನ್ನು ಮಾಡಿದ್ದು ವಿಯೆಟ್ನಾಮಿನಿಂದ ನಿರಾಶ್ರಿತರಾಗಿ ಅಮೆರಿಕಕ್ಕೆ ಹೋದ ಡೇವಿಡ್ ಟ್ರಾನ್. 1980ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಕೆಲಸ ಶುರು ಮಾಡಿದರು. ಇದರಲ್ಲಿ ಸಕ್ಕರೆ ಇದೆ, ಬೆಳ್ಳುಳ್ಳಿ ಇದೆ, ಮೈ ಮಂದ. ನಾನು ಇದನ್ನು ಬಳಸುವುದು ಸಪ್ಪೆ ಹಿಟ್ಟಿನ ತಿಂಡಿಗೆ: ಫ್ರೈಡ್ ರೈಸ್, ನೂಡಲ್ಸ್, ಗರಿಗರಿ ಅಕ್ಕಿ ರೊಟ್ಟಿ. ಹುರಿದ ಶೇಂಗಾವನ್ನು ನುಣ್ಣಗೆ ಅರೆದು, ಸಿರಾಚಾ, ಚೂರು ಸೋಯಾ ಸಾಸ್, ಬಿಸಿನೀರು ಕಲಸಿದರೆ ನೂಡಲ್ಸ್‌ಗೆ ಬೇರೇನೂ ಬೇಡ. ಮೇಲೆ ನಿಂಬೆರಸ ಹಿಂಡಲೇಬೇಕು, ಇಲ್ಲದಿದ್ದರೆ ಸಿಹಿ ಮುಂದೆ ಬರುತ್ತದೆ. ಕಾದ ಬಾಣಲೆಗೆ ನೇರ ಸುರಿಯಬೇಡಿ, ಸಕ್ಕರೆ ಸೀದುಹೋಗುತ್ತದೆ. ಟೊಮೆಟೊ ಸಾಸ್ ಬಿದ್ದಿರುವ ತಿಂಡಿಗೂ ಬೇಡ, ಸಿಹಿಗೆ ಸಿಹಿ ಸೇರುತ್ತದೆ.

ನನಗೆ ಹೊರಗಿನ ಸಾಸ್‌ಗಳಲ್ಲಿ ಅತಿ ಹತ್ತಿರದ್ದು ಟ್ಯುನಿಷಿಯಾದ ಹರಿಸ್ಸಾ. ಬಿಸಿಲಲ್ಲಿ ಒಣಗಿಸಿದ ಮೆಣಸಿನಕಾಯಿಯನ್ನು ನೆನೆಸಿ, ಬೆಳ್ಳುಳ್ಳಿ, ಉಪ್ಪು, ಕೊತ್ತಂಬರಿ ಬೀಜ, ಜೀರಿಗೆಯನ್ನು ಹೋಲುವ ಕ್ಯಾರವೇ ಕಾಳಿನ ಜೊತೆ ಅರೆದು, ಆಲಿವ್ ಎಣ್ಣೆಯಲ್ಲಿ ಇಡುತ್ತಾರೆ. 2022ರಲ್ಲಿ ಯುನೆಸ್ಕೊದ ಅಮೂರ್ತ ಸಾಂಸ್ಕೃತಿಕ ಪರಂಪರೆಯ ಪಟ್ಟಿಗೂ ಸೇರಿತು. ಅಲ್ಲಿಯವರು ಬ್ರೆಡ್ ಹರಿದು ಹರಿಸ್ಸಾ ಮತ್ತು ಎಣ್ಣೆಯಲ್ಲಿ ಅದ್ದಿ ತಿನ್ನುತ್ತಾರೆ. ನಾವು ರೊಟ್ಟಿ ಮುರಿದು ರಂಜಕ ಮತ್ತು ಶೇಂಗಾ ಎಣ್ಣೆಯಲ್ಲಿ ಅದ್ದುತ್ತೇವೆ. ಅಮೆರಿಕ ಖಂಡದಿಂದ ಹೊರಟ ಮೆಣಸಿನಕಾಯಿ ಎರಡು ಒಣ ಸೀಮೆಗಳಲ್ಲಿ ಒಂದೇ ಥರ ನೆಲೆಯಾಗಿದೆ. ರುಚಿಯಲ್ಲಿ ದೊಡ್ಡ ವ್ಯತ್ಯಾಸ ಅಂದರೆ, ಹರಿಸ್ಸಾದಲ್ಲಿ ಹುಳಿ ತೀರಾ ಕಡಿಮೆ. ಹಾಗಾಗಿ ರಂಜಕ ಹೋಗದ ಕಡೆ ಇದು ಹೋಗುತ್ತದೆ. ಟ್ಯುನಿಷಿಯಾದಲ್ಲಿ ಲಬ್ಲಬಿ ಅಂತ ಕಡಲೆಕಾಳಿನ ಸೂಪ್ ಇದೆ, ಹಳೆಯ ಬ್ರೆಡ್ ತುಂಡಿನ ಮೇಲೆ ಸುರಿದು ಹರಿಸ್ಸಾ ಹಾಕುತ್ತಾರೆ. ನಾನು ಬೇಯಿಸಿದ ಕಡಲೆಯನ್ನು ಅದರ ಕಟ್ಟಿನ ಸಮೇತ ಬಟ್ಟಲಿಗೆ ಹಾಕಿ, ಚಮಚ ಹರಿಸ್ಸಾ ಕಲಸಿ, ಹಿಂದಿನ ದಿನದ ಚಪಾತಿ ಮುರಿದು ಹಾಕುತ್ತೇನೆ. ಕೊನೆಗೆ ನಿಂಬೆ. ಮಳೆಗಾಲದ ರಾತ್ರಿಗೆ ಇದಕ್ಕಿಂತ ಒಳ್ಳೆಯ ಊಟ ನನಗೆ ಗೊತ್ತಿಲ್ಲ. ಗಜ್ಜರಿ, ಹೂಕೋಸನ್ನು ಹರಿಸ್ಸಾ ಸವರಿ ಓವನ್‌ನಲ್ಲಿ ಸುಟ್ಟರೂ ಸೊಗಸು.

ಕೊರಿಯಾದ ಗೋಚುಜಾಂಗ್ ಬಗ್ಗೆ ಇಷ್ಟು ಹೇಳಿದರೆ ಸಾಕು: ಅದು ಸೋಯಾ, ಅಂಟಕ್ಕಿ ಸೇರಿಸಿ ಹುದುಗಿಸಿದ ಮಂದ ಪೇಸ್ಟ್, ಹಾಗೇ ಸುರಿದುಕೊಳ್ಳುವಂಥದ್ದಲ್ಲ. ಎಳ್ಳೆಣ್ಣೆ, ನೀರು ಸೇರಿಸಿ ತೆಳ್ಳಗೆ ಮಾಡಿ, ಬದನೆಕಾಯಿ ಅಥವಾ ಅಣಬೆಗೆ ಸವರಿ ಹೆಂಚಿನ ಮೇಲೆ ಬಾಡಿಸಬೇಕು.

ಮಲೆನಾಡಿನ ಗೆಳತಿಯ ಮನೆಯಿಂದ ಬರುವ ಸೂಜಿ ಮೆಣಸನ್ನು ಮಾತ್ರ ಅರೆಯುವುದಿಲ್ಲ. ಇಡಿಯಾಗಿ ಸೀಳಿ, ಉಪ್ಪು ಹಾಕಿ, ವಿನೆಗರ್‌ನಲ್ಲಿ ಮುಳುಗಿಸಿ ಫ್ರಿಜ್‌ನಲ್ಲಿಡುತ್ತೇನೆ. ಬೇಕಾದದ್ದು ಆ ನೀರೇ. ಖಾರ ನೇರ ತಲೆಗೇರುತ್ತದೆ, ಹಾಗಾಗಿ ಹನಿ ಲೆಕ್ಕ. ರವೆ ಹಚ್ಚಿ ಕರಿದ ಮೀನಿಗೆ, ಹಂದಿ ಫ್ರೈಗೆ, ತೆಂಗಿನಹಾಲು ಬಿದ್ದ ಸ್ಟ್ಯೂಗೆ ಹಾಕಿ ನೋಡಿ. ತೆಂಗಿನಹಾಲಿನ ಕೊಬ್ಬು ಖಾರವನ್ನು ಹಿಡಿಯುತ್ತದೆ, ವಿನೆಗರ್ ಅದರ ಸಿಹಿಯನ್ನು ತೂಗಿಸುತ್ತದೆ.

ಹೊಸ ಬಾಟಲಿ ಬಂದರೆ ನನ್ನದೊಂದು ಪರೀಕ್ಷೆ ಇದೆ. ಮೊದಲು ಬಿಸಿ ಅನ್ನದ ಜೊತೆ ಸುಮ್ನೆ ಒಂದು ಹನಿ. ಆಮೇಲೆ ಅದೇ ಅನ್ನಕ್ಕೆ ತುಪ್ಪ ಹಾಕಿ ಇನ್ನೊಂದು ಹನಿ. ಕೊನೆಗೆ ಮೊಸರು ಹಾಕಿ ಮತ್ತೊಂದು. ತುಪ್ಪದ ತುತ್ತಿನಲ್ಲಿ ಚೆನ್ನಾಗಿದ್ದರೆ ಕರಿದದ್ದಕ್ಕೆ, ಮೊಟ್ಟೆಗೆ. ಮೊಸರಿನಲ್ಲೂ ನಿಂತರೆ ರೊಟ್ಟಿ ಊಟಕ್ಕೆ. ಬರೀ ಅನ್ನದಲ್ಲೇ ರುಚಿಸಿದರೆ ನೂಡಲ್ಸ್, ಫ್ರೈಡ್ ರೈಸ್‌ಗೆ. ಮನೆಗೆ ಯಾರಾದರೂ ಬಂದಾಗ ಎಲ್ಲ ಬಾಟಲಿ ಮುಂದಿಡುವುದಿಲ್ಲ. ಹುಳಿಯದ್ದೊಂದು, ಸಿಹಿಯದ್ದೊಂದು, ಎಣ್ಣೆಯದ್ದೊಂದು. ಮೂರಕ್ಕಿಂತ ಜಾಸ್ತಿ ಆದರೆ ನಾಲಿಗೆ ಉರಿದು ಯಾವುದರ ರುಚಿಯೂ ಸಿಗುವುದಿಲ್ಲ.

ಇನ್ನು ರಂಜಕದ ಜಾಡಿ ತಳ ಕಂಡಾಗ ತೊಳೆದುಬಿಡಬೇಡಿ. ಗಟ್ಟಿ ಮಜ್ಜಿಗೆ ಹಾಕಿ, ಮುಚ್ಚಳ ಹಾಕಿ ಅಲುಗಾಡಿಸಿ, ಅಂಚಿಗೆ ಅಂಟಿದ್ದೆಲ್ಲ ಬಿಡುತ್ತದೆ. ಸಾಸಿವೆ, ಕರಿಬೇವಿನ ಒಗ್ಗರಣೆ ಕೊಟ್ಟರೆ ಬಿಸಿ ಅನ್ನಕ್ಕೆ ಕಲಸಿಕೊಳ್ಳಲು ಅಷ್ಟೇ ಸಾಕು. ಉಪ್ಪು ಬೇರೆ ಹಾಕಬೇಡಿ, ಜಾಡಿಯಲ್ಲೇ ಇರುತ್ತದೆ.