ಫಿಸಿಯೋಥೆರಪಿ ಓದಲು 3.6 ಲಕ್ಷ ಸಾಲ, ತೀರಿಸಿದ್ದು ಏಳು ಲಕ್ಷ

ಅಜ್ಜಿಗೆ ಲಕ್ವ ಹೊಡೆದಾಗ ನಾನು ಹೈಸ್ಕೂಲಿನಲ್ಲಿದ್ದೆ. ರಾಣೆಬೆನ್ನೂರಿನಿಂದ ಫಿಸಿಯೋಥೆರಪಿಸ್ಟ್ ಒಬ್ಬರು ವಾರಕ್ಕೆ ಮೂರು ಸಲ ನಮ್ಮ ಹಳ್ಳಿಗೆ ಬರುತ್ತಿದ್ದರು. ನಾಲ್ಕು ತಿಂಗಳಲ್ಲಿ ಅಜ್ಜಿ ಗೋಡೆ ಹಿಡಿದು ಹಿತ್ತಲಿಗೆ ಹೋಗುವಂತಾದಳು. ನಾನೂ ಇದನ್ನೇ ಓದಬೇಕು ಅಂತ ಅವತ್ತೇ ಅನಿಸಿತ್ತು. 2014ರಲ್ಲಿ ಪಿಯುಸಿ ಮುಗಿಸಿ, ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸೇರಿದ ಒಂದು ಖಾಸಗಿ ಕಾಲೇಜಿನಲ್ಲಿ ಬಿಪಿಟಿಗೆ, ಅಂದರೆ ಫಿಸಿಯೋಥೆರಪಿ ಪದವಿಗೆ, ಸೇರಿದೆ. ನಾಲ್ಕು ವರ್ಷ ಓದು, ಆರು ತಿಂಗಳು ಇಂಟರ್ನ್‌ಶಿಪ್.

ಅಪ್ಪನಿಗೆ ಮೂರು ಎಕರೆ ಮೆಕ್ಕೆಜೋಳದ ಹೊಲ, ಎರಡು ಎಮ್ಮೆ. ಬ್ಯಾಂಕಿನಲ್ಲಿ ಶಿಕ್ಷಣ ಸಾಲ ಮಾಡಿದೆವು. ವರ್ಷಕ್ಕೆ 90,000ದಂತೆ ನಾಲ್ಕು ವರ್ಷಕ್ಕೆ 3.6 ಲಕ್ಷ, ಬಡ್ಡಿ 12%. ನಾಲ್ಕು ಲಕ್ಷದೊಳಗಿನ ಸಾಲಕ್ಕೆ ಅಡಮಾನ ಬೇಕಿರಲಿಲ್ಲ, ಅಪ್ಪನ ಸಹಿ ಸಾಕಾಯಿತು. ಓದು ಮುಗಿದು ಒಂದು ವರ್ಷದವರೆಗೆ ಕಂತು ಕಟ್ಟಬೇಕಾಗಿಲ್ಲ ಅಂತ ಬ್ಯಾಂಕಿನವರು ಹೇಳಿದರು. "ನೌಕರಿ ಹತ್ತಿದ ಮ್ಯಾಲೆ ಕಟ್ಟಿದ್ರಾತು ಬಿಡವ್ವ" ಅಂದ ಅಪ್ಪ. ನನಗೂ ಅದೇ ಸಮಾಧಾನ.

ಕಂತು ಇಲ್ಲ ಅಂದರೆ ಬಡ್ಡಿ ಇಲ್ಲ ಅಂತ ಅಲ್ಲ. ಇದು ನಮ್ಮ ಮನೆಯಲ್ಲಿ ಯಾರಿಗೂ ಹೊಳೆಯಲೇ ಇಲ್ಲ. ಹಣ ಬಿಡುಗಡೆಯಾದ ದಿನದಿಂದಲೇ ಬಡ್ಡಿ ಬೀಳುತ್ತದೆ. ಮೊದಲ 90,000ಕ್ಕೆ ಐದೂವರೆ ವರ್ಷ, ಎರಡನೆಯದಕ್ಕೆ ನಾಲ್ಕೂವರೆ, ಹೀಗೆ. 2020ರ ಫೆಬ್ರವರಿಯಲ್ಲಿ ಮೊದಲ ಕಂತು ಶುರುವಾಗುವ ಹೊತ್ತಿಗೆ ಬಡ್ಡಿಯೇ 1,72,800 ಆಗಿತ್ತು. ಅದನ್ನು ಅಸಲಿಗೆ ಸೇರಿಸಿದರು. ನನ್ನ ಸಾಲ 5,32,800 ಆಯಿತು. ಹತ್ತು ವರ್ಷದ ಅವಧಿಗೆ ತಿಂಗಳ ಕಂತು 7,600ಕ್ಕೂ ಮೇಲೆ.

ಆಮೇಲೆ ಕೂತು ಲೆಕ್ಕ ಹಾಕಿದೆ. ಮೊದಲ ವರ್ಷ ತಿಂಗಳ ಬಡ್ಡಿ ಬರೀ 900 ರೂಪಾಯಿ. ಎರಡನೇ ವರ್ಷ 1,800, ಮೂರನೇ ವರ್ಷ 2,700, ಕೊನೆಯ ವರ್ಷ 3,600. ಮೊದಲ ಎರಡು ವರ್ಷದ್ದನ್ನಾದರೂ ಹಾಲಿನ ದುಡ್ಡಿನಲ್ಲಿ ಕಟ್ಟಬಹುದಿತ್ತು. ಓದುವಾಗಲೇ ಬಡ್ಡಿ ಕಟ್ಟುತ್ತಾ ಹೋದರೆ ಎಷ್ಟೋ ಬ್ಯಾಂಕುಗಳು ಬಡ್ಡಿ ದರದಲ್ಲಿ 1% ಬಿಡುತ್ತವೆ, ಅದೂ ಗೊತ್ತಿರಲಿಲ್ಲ. ಇನ್ನೊಂದು ನೋವು ಈಗಲೂ ಇದೆ. ಕುಟುಂಬದ ವರ್ಷದ ಆದಾಯ 4.5 ಲಕ್ಷದೊಳಗಿದ್ದರೆ ಕಂತು ಇಲ್ಲದ ಈ ಅವಧಿಯ ಬಡ್ಡಿಯನ್ನು ಕೇಂದ್ರ ಸರ್ಕಾರವೇ ಭರಿಸುವ ಯೋಜನೆ 2009ರಿಂದಲೂ ಇದೆ. ನಾವು ಅದಕ್ಕೆ ಅರ್ಜಿಯನ್ನೇ ಹಾಕಲಿಲ್ಲ. ಶಾಖೆಯಲ್ಲಿ ಯಾರೂ ಹೇಳಲಿಲ್ಲ, ನಾವೂ ಕೇಳಲಿಲ್ಲ.

ಈಗ ಸಂಬಳದ ಕಡೆ ಬರುತ್ತೇನೆ. 2019ರಲ್ಲಿ ಬೆಂಗಳೂರಿನ ಒಂದು ಕ್ಲಿನಿಕ್‌ನಲ್ಲಿ ನನ್ನ ಮೊದಲ ಸಂಬಳ 14,000. ಪಿಜಿ ರೂಮಿಗೆ 6,500, ಬಸ್ ಪಾಸಿಗೆ ಸಾವಿರ ಚಿಲ್ಲರೆ, ಮಧ್ಯಾಹ್ನದ ಊಟ, ಫೋನು, ಊರಿಗೆ ಹೋಗಿಬರುವ ಖರ್ಚು. ಕೈಯಲ್ಲಿ ಉಳಿಯುತ್ತಿದ್ದದ್ದು ಮೂರು ಸಾವಿರ. 7,600ರ ಕಂತು ಎಲ್ಲಿಂದ ಕಟ್ಟಲಿ? ಕಾಲೇಜಿಗೆ ಸೇರುವಾಗ "ಫಿಸಿಯೋಗೆ ಒಳ್ಳೆ ಡಿಮ್ಯಾಂಡ್ ಇದೆ" ಅಂತ ಎಲ್ಲರೂ ಹೇಳಿದ್ದರು. ಡಿಮ್ಯಾಂಡ್ ಇರುವುದು ನಿಜ. ಆದರೆ ಎರಡು ವರ್ಷದ ಹಿಂದೆ ಪಾಸಾದ ಸೀನಿಯರ್ ಒಬ್ಬರನ್ನು ಹಿಡಿದು "ಅಕ್ಕಾ, ತಿಂಗಳ ಕೊನೆಗೆ ನಿಮ್ಮ ಕೈಯಲ್ಲಿ ಎಷ್ಟು ಉಳಿಯುತ್ತೆ?" ಅಂತ ನಾನು ಒಮ್ಮೆಯೂ ಕೇಳಿರಲಿಲ್ಲ.

ನನ್ನನ್ನು ದಡ ಸೇರಿಸಿದ್ದು ಹೋಮ್ ವಿಸಿಟ್. ಕ್ಲಿನಿಕ್ಕಿನ ಸೀನಿಯರ್ ಒಬ್ಬರು ಸೊಂಟದ ಮೂಳೆ ಮುರಿದು ಆಪರೇಷನ್ ಆದ ಒಬ್ಬ ಅಜ್ಜಿಯ ಮನೆ ತೋರಿಸಿದರು. ಒಂದು ಸಿಟ್ಟಿಂಗ್‌ಗೆ 400. ಆ ಮನೆಯವರು ಇನ್ನೊಂದು ಮನೆಗೆ ಹೇಳಿದರು. ಮೊಣಕಾಲು ಬದಲಿಸಿಕೊಂಡವರು, ಲಕ್ವ ಆದವರು, ಭುಜ ಹಿಡಿದುಕೊಂಡವರು. ಹೀಗೆ ಎರಡು ಮೂರು ಮನೆ ಕುದುರುವಷ್ಟರಲ್ಲಿ ಲಾಕ್‌ಡೌನ್ ಬಂತು. ಕಟ್ಟಿದ್ದು ಒಂದೇ ಒಂದು ಕಂತು. ರಿಸರ್ವ್ ಬ್ಯಾಂಕ್ 2020ರ ಮಾರ್ಚ್‌ನಿಂದ ಆಗಸ್ಟ್‌ವರೆಗೆ ಕಂತು ಮುಂದೂಡಲು ಅವಕಾಶ ಕೊಟ್ಟಿತು. ನಾನು ಮೂರು ತಿಂಗಳು ಮಾತ್ರ ಮುಂದೂಡಿದೆ. ತಿಂಗಳಿಗೆ 5,300 ಬಡ್ಡಿ ಬೀಳುತ್ತಿತ್ತು. ಈ ಸಲ ಲೆಕ್ಕ ಗೊತ್ತಿತ್ತಲ್ಲ, ಸುಮ್ನೆ ಕೂರಲು ಆಗಲಿಲ್ಲ. ಆಮೇಲಿನ ಮೂರು ಕಂತಿಗೆ ಅಮ್ಮನ ಬಳೆ ಅಡ ಇಟ್ಟೆವು. ಮುಂದಿನ ವರ್ಷ ಬಿಡಿಸಿಕೊಂಡೆವು.

2021ರಲ್ಲಿ ಸಂಬಳ 22,000 ಆಯಿತು. ಬೆಳಿಗ್ಗೆ ಒಂದು ಮನೆ, ಸಂಜೆ ಎರಡು ಮನೆ. ಕಂತು 7,600 ಇದ್ದರೂ ಆದಷ್ಟು ತಿಂಗಳು 15,000, ಒಮ್ಮೊಮ್ಮೆ ಅದಕ್ಕೂ ಜಾಸ್ತಿ ಕಟ್ಟಿದೆ. ಬದಲಾಗುವ ಬಡ್ಡಿ ದರದ ಸಾಲವಾದ್ದರಿಂದ ಮುಂಚೆ ತೀರಿಸಿದರೆ ದಂಡ ಇರಲಿಲ್ಲ. 2024ರ ಕೊನೆಗೆ ಖಾತೆ ಮುಗಿಸಿದೆ. ಒಟ್ಟು ಹೋಗಿದ್ದು ಏಳು ಲಕ್ಷದ ಹತ್ತಿರ. ಹತ್ತು ವರ್ಷ ಎಳೆದಿದ್ದರೆ ಒಂಬತ್ತು ಲಕ್ಷ ದಾಟುತ್ತಿತ್ತು. ಶಿಕ್ಷಣ ಸಾಲದ ಬಡ್ಡಿಗೆ ಆದಾಯ ತೆರಿಗೆ ಕಾಯ್ದೆಯ 80ಇ ಕಲಂ ಅಡಿ ತೆರಿಗೆ ವಿನಾಯಿತಿ ಇದೆ ಅಂತ ಆಗ ಹಲವರು ಹೇಳುತ್ತಿದ್ದರು. ನನ್ನ ಸಂಬಳಕ್ಕೆ ತೆರಿಗೆಯೇ ಬೀಳುತ್ತಿರಲಿಲ್ಲ, ಹಾಗಾಗಿ ಅದರಿಂದ ನನಗೇನೂ ಸಿಗಲಿಲ್ಲ.

ನಡುವೆ ಎಂಪಿಟಿ (ಫಿಸಿಯೋಥೆರಪಿ ಸ್ನಾತಕೋತ್ತರ ಪದವಿ) ಮಾಡುವ ಆಸೆ ಬಂದಿತ್ತು. ಎರಡು ವರ್ಷ, ಮತ್ತೆ ಐದು ಲಕ್ಷದ ಸಾಲ, ಎರಡು ವರ್ಷದ ಸಂಬಳವೂ ಖೋತಾ. ಈ ಸಲ ಮುಗಿಸಿದವರನ್ನೇ ಕೇಳಿದೆ. ನಾನು ವಿಚಾರಿಸಿದ ಕಡೆ ಸಂಬಳದ ವ್ಯತ್ಯಾಸ ತಿಂಗಳಿಗೆ ಐದಾರು ಸಾವಿರ ಅಷ್ಟೇ. ಪಾಠ ಮಾಡುವ ಕೆಲಸ ಬೇಕಿದ್ದವರಿಗೆ ಎಂಪಿಟಿ ಬೇಕೇ ಬೇಕು. ನನಗೆ ಬೇಕಿದ್ದದ್ದು ರೋಗಿಗಳ ಜೊತೆಗಿನ ಕೆಲಸ. ಬಿಟ್ಟೆ. ಆ ತೀರ್ಮಾನ ಸರಿಯಾಗಿತ್ತು.

ಕಳೆದ ವರ್ಷ ಚಿಕ್ಕಪ್ಪನ ಮಗಳು "ಅಕ್ಕಾ, ಬಿಪಿಟಿನಾ, ನರ್ಸಿಂಗಾ?" ಅಂತ ಕೇಳಿದಳು. ಕೇಂದ್ರ ಸರ್ಕಾರದ ಆಸ್ಪತ್ರೆಗಳಲ್ಲಿ ನರ್ಸಿಂಗ್ ಆಫೀಸರ್‌ಗೆ ಮೂಲ ವೇತನ 44,900ರಿಂದ ಶುರು, ಫಿಸಿಯೋಥೆರಪಿಸ್ಟ್‌ಗೆ 35,400. ಹುದ್ದೆಗಳ ಸಂಖ್ಯೆಯಂತೂ ನರ್ಸಿಂಗ್‌ನಲ್ಲೇ ಬಹಳ ಜಾಸ್ತಿ. ಆದರೆ ಖಾಸಗಿ ಆಸ್ಪತ್ರೆಯ ಮೊದಲ ಸಂಬಳ ಎರಡರಲ್ಲೂ ಕಡಿಮೆಯೇ. ಅದಕ್ಕೆ ಸರ್ಕಾರಿ ನೌಕರಿಯ ಸಂಬಳ ಇಟ್ಟುಕೊಂಡು ಸಾಲ ಮಾಡಬೇಡ, ಖಾಸಗಿಯ ಮೊದಲ ವರ್ಷದ ಸಂಬಳದಲ್ಲಿ ಖರ್ಚು ಕಳೆದು ಎಷ್ಟು ಉಳಿಯುತ್ತದೋ ಅಷ್ಟರೊಳಗೆ ಕಂತು ಬರುವಂತೆ ಸಾಲ ಮಾಡು ಅಂದೆ. ಅವಳಿಗೆ ಮಕ್ಕಳ ವಾರ್ಡಿನ ಕೆಲಸ ಇಷ್ಟ, ನರ್ಸಿಂಗ್ ಆರಿಸಿಕೊಂಡಳು. ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ಮೂಲಕ ಸೀಟು ಸಿಕ್ಕಿತು, ಫೀಸು ಕಡಿಮೆಯಾಯಿತು, ಸಾಲ ಎರಡು ಲಕ್ಷದೊಳಗೇ ನಿಂತಿತು.

ನಾವು ಕಳಕೊಂಡ ಆ ಬಡ್ಡಿ ಸಬ್ಸಿಡಿಗಾಗಿ ನಾಡಕಚೇರಿಯಲ್ಲಿ ಆದಾಯ ಪ್ರಮಾಣಪತ್ರ ಮಾಡಿಸಿ ಬ್ಯಾಂಕಿಗೆ ಕೊಡಲು ನಾನೇ ಜೊತೆಗೆ ಹೋದೆ. ಅರ್ಜಿ ತಗೊಂಡಿದ್ದಕ್ಕೆ ಸೀಲು ಹಾಕಿಸಿಕೊಂಡು ಬಂದೆವು. ಸಬ್ಸಿಡಿ ಮಂಜೂರಾಗುವವರೆಗೆ ಬಡ್ಡಿ ಬೆಳೆಯುವುದು ಬೇಡ ಅಂತ ಚಿಕ್ಕಪ್ಪ ಹಾಲಿನ ಬಟವಾಡೆ ಬಂದ ದಿನವೇ ತಿಂಗಳ ಬಡ್ಡಿ ಕಟ್ಟುತ್ತಾರೆ. ಈ ತಿಂಗಳು 460 ರೂಪಾಯಿ. ರಸೀದಿಯ ಫೋಟೋ ನನಗೂ ಕಳಿಸಿದ್ದಾರೆ.